ಆಮೆನ್ ಅಕ್ಕ ಆಮೆನ್ ಅನ್ನದ ಬೆಳಗು

ಆಮೆನ್ ಅಕ್ಕ ಗಂಟಲೆತ್ತಿ ಒಂದು ಸಲ ಆಮೆನ್ ಅಂದಳೆಂದರೆ ಹೊಳೆ ಗಳಿಗೆ ಹೊತ್ತು ಹಿಂದಕ್ಕೆ ಹರಿದು, ಆಮೇಲೆ ನಾಚಿಕೊಂಡು ಮುಂದಕ್ಕೆ ಹರಿಯುತ್ತಿತ್ತು. ಆಚೆ ಊರಿನ ದೇವಾಲಯದ ಗಂಟೆ ಯಾರೂ ಹಗ್ಗ ಎಳೆಯದೆ ತಾನೇ ಬಾರಿಸಿಕೊಳ್ಳುತ್ತಿತ್ತು. ಸಮಾಧಿಯಲ್ಲಿ ಮಲಗಿದವರ ಪೈಕಿ ನಿದ್ದೆ ತೆಳ್ಳಗಿದ್ದ ಕೆಲವರು ಮಗ್ಗುಲು ಬದಲಿಸಿ, ಸತ್ತವರನ್ನೆಲ್ಲ ಎಬ್ಬಿಸುವ ಕಡೆಯ ತುತೂರಿ ಊದಿದರೇನೋ ಎಂದು ಕಿವಿಗೊಟ್ಟು, ಅಯ್ಯೋ ಲಾಂಡ್ರಿಯ ಹೆಂಗಸು ಎಂದು ತಿಳಿದ ಮೇಲೆ ಮತ್ತೆ ಮಲಗುತ್ತಿದ್ದರು. ನಂಬಿಕೆ ಬಾರದವರು ಹೋಗಿ ಹೊಳೆಯನ್ನೇ ಕೇಳಿಕೊಳ್ಳಬಹುದು.

ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರೊಂದು ಅವಳಿಗಿತ್ತು. ಅದನ್ನು ದೀಕ್ಷೆ ಕೊಟ್ಟ ಅಯ್ಯನವರೂ ಮರೆತಿದ್ದರು, ಅವಳೂ ಮರೆತಿದ್ದಳು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಆಮೆನ್ ಅಕ್ಕನೇ.

ಅವಳು ಕೆಲಸ ಮಾಡುತ್ತಿದ್ದದ್ದು ದೊಡ್ಡ ಲಾಂಡ್ರಿಯೊಂದರಲ್ಲಿ. ಲೋಕದ ಅರ್ಧ ಆಸ್ಪತ್ರೆಗಳ, ಮುಕ್ಕಾಲು ಹೋಟೆಲುಗಳ ಬೆಡ್‌ಶೀಟುಗಳು ಅಲ್ಲಿಗೇ ಬರುತ್ತಿದ್ದವು ಎಂದರೆ ಹೆಚ್ಚಾಗಲಿಲ್ಲ, ಕಡಿಮೆಯೇ ಆಯಿತು. ಒಗೆಯುವ ಡ್ರಮ್ಮುಗಳು ಒಂದು ಗೋಡೆಗೆ, ಮಡಚುವ ಮೇಜು ಇನ್ನೊಂದು ಗೋಡೆಗೆ, ನಟ್ಟನಡುವೆ ರೋಲರ್ ಇಸ್ತ್ರಿ. ರೋಲರ್ ಅಂದರೆ ಹಬೆಯಿಂದ ಕಾದ ಎರಡು ದೊಡ್ಡ ಉರುಳೆಗಳು. ಒದ್ದೆ ಶೀಟಿನ ಅಂಚನ್ನು ಈಚೆಯಿಂದ ಅದರ ಬಾಯಿಗೆ ಕೊಟ್ಟರೆ ಆಚೆ ಹಪ್ಪಳದ ಹಾಗೆ ಗರಿಗರಿಯಾಗಿ ಬೀಳುತ್ತಿತ್ತು. ಅಂಚು ಕೊಡುವ ಕೆಲಸ ಅಕ್ಕನದು ಮತ್ತು ಅವಳ ತಂಗಿ ಗುಬ್ಬಿಯದು.

ಹಬೆ ಬಿಡುವ ಮುಂಚೆ ಪ್ರತಿದಿನ ಬೆಳಗ್ಗೆ ಪ್ರಾರ್ಥನೆ. ಲಾಂಡ್ರಿಯ ಯಜಮಾನರು ಚರ್ಚಿನ ಸಭೆಯ ಹಿರಿಯರೂ ಹೌದು. ಅವರ ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ಕೃಪೆಯುಳ್ಳ ತಂದೆಯೇ ಎಂದು ಕರೆ, ಆಮೇಲೆ ಸ್ತೋತ್ರ, ಆಮೇಲೆ ತಪ್ಪುಗಳ ಅರಿಕೆ, ಆಮೇಲೆ ಬೇಡಿಕೆ. ಬಂಧುಗಳ ಮನೆಗೆ ಹೋದವರು ಬಾಗಿಲು ತಟ್ಟಿ, ಯೋಗಕ್ಷೇಮ ಕೇಳಿ, ಮನೆ ಹೊಗಳಿ, ಹೊರಡುವಾಗ ಮೆಲ್ಲಗೆ ಬಂದ ಕೆಲಸದ ಮಾತೆತ್ತುತ್ತಾರಲ್ಲ, ಹಾಗೆ. ಉದ್ದವೋ ಉದ್ದ. ನುಣ್ಣಗೆ ಕ್ಷೌರ ಮಾಡಿಕೊಂಡು ಬಂದು ನಿಂತವನಿಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗಡ್ಡ ಎದೆ ಮುಟ್ಟಿದ್ದೂ ಉಂಟು. "ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ" ಎಂಬಲ್ಲಿಗೆ ಯಜಮಾನರು ನಿಲ್ಲಿಸುತ್ತಿದ್ದರು. ಆಮೆನ್, ಅಂದರೆ ಹಾಗೆಯೇ ಆಗಲಿ ಎಂಬ ಒಪ್ಪಿಗೆ, ಅವರು ಹೇಳುತ್ತಿರಲಿಲ್ಲ. ಪ್ರಾರ್ಥಿಸಿದವನೇ ಆಮೆನ್ ಅಂದರೆ ತನ್ನ ಪತ್ರಕ್ಕೆ ತಾನೇ ಮುದ್ರೆ ಒತ್ತಿಕೊಂಡ ಹಾಗೆ, ಮುದ್ರೆ ಜನರದ್ದಾಗಿರಬೇಕು ಎಂಬುದು ಅವರ ಬೋಧನೆ. ಜನರ ಪರವಾಗಿ ಮೊದಲು ಬೀಳುವ ಆಮೆನ್ ಅಕ್ಕನದು. ಅದು ಬಿದ್ದ ಮೇಲೆ ಉಳಿದವರದ್ದು. ಆಮೆನ್ ಬೀಳದೆ ಯಾರೂ ಕಣ್ಣು ತೆರೆಯುವಂತಿಲ್ಲ, ಕಣ್ಣು ತೆರೆಯದೆ ಹಬೆ ಬಿಡುವಂತಿಲ್ಲ.

ಹಬೆ ಬಿಡುವವನು ಬಾಯ್ಲರಿನವನು, ಅಕ್ಕನ ಗಂಡ. ಅವನ ಎತ್ತರ, ಎದೆಯ ಅಗಲ, ಮೀಸೆಯ ಗಾಂಭೀರ್ಯ ಇವನ್ನೆಲ್ಲ ಬರೆಯುವುದಕ್ಕೆ ಬೇರೆಯೇ ಪುಸ್ತಕ ಬೇಕು. ಇಲ್ಲಿಗೆ ಇಷ್ಟು ಸಾಕು: ನೀರು ಕುದಿಯುತ್ತಿದ್ದದ್ದು ಬೆಂಕಿಗಲ್ಲ, ಅವನ ಭಯಕ್ಕೆ.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಗಾರ್ಡ್ ಪಟ್ಟಿ ತೂಗುತ್ತಿತ್ತು. ಕೈ ತಾಗಿ ಪಟ್ಟಿ ಕೊಂಚ ಒಳಕ್ಕೆ ಸರಿದರೂ ಸಾಕು, ಉರುಳೆಗಳು ಟಕ್ಕೆಂದು ನಿಲ್ಲುತ್ತಿದ್ದವು. ತೊಂದರೆ ಏನೆಂದರೆ, ದಪ್ಪ ಅಂಚಿನ ಶೀಟು ತಾಗಿದರೂ ನಿಲ್ಲುತ್ತಿದ್ದವು. ನಿಂತರೆ ಒಳಗಿದ್ದ ಶೀಟಿನ ಮೇಲೆ ಕಂದು ಕಲೆ. ಹೋಟೆಲಿನ ಕೆಲಸ ಮೈಮೇಲೆ ಬಂದಿದ್ದ ಒಂದು ದಿನ ಯಜಮಾನರು ಕಲೆ ಬಿದ್ದ ಶೀಟನ್ನು ಎತ್ತಿ ಹಿಡಿದು, "ಆ ಪಟ್ಟಿ ಅಲುಗದ ಹಾಗೆ ಕಟ್ಟಮ್ಮಾ" ಅಂದರು. ಅಕ್ಕ ಕಟ್ಟಿದಳು. ಹರಿದ ಶೀಟನ್ನು ಸೀಳಿ, ಎರಡು ಕೊನೆಗಳನ್ನೂ ಪಕ್ಕದ ಕಂಬಗಳಿಗೆ ಬಿಗಿದಳು. ಕಟ್ಟಿದ್ದು ಹಾಗೇ ಉಳಿಯಿತು. ಉಳಿದದ್ದು ಅಭ್ಯಾಸವಾಯಿತು.

ಗುಬ್ಬಿಯ ಬಲಗೈ ಹೋದದ್ದು ಅಲ್ಲಿಯೇ. ಒದ್ದೆ ಶೀಟು ಬೆರಳಿಗೆ ಸುತ್ತಿಕೊಂಡು ಎಳೆಯಿತು. ಕೈ ಪಟ್ಟಿಗೆ ಬಡಿಯಿತು. ಪಟ್ಟಿ ಅಲುಗಲಿಲ್ಲ, ಉರುಳೆ ನಿಲ್ಲಲಿಲ್ಲ. ಬಾಯ್ಲರಿನವನು ಓಡಿಬಂದು ಹಬೆಯ ಕೊಳವೆ ಮುಚ್ಚಿ, ಉರುಳೆ ಹಿಂದಕ್ಕೆ ತಿರುಗಿಸುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು. ಈ ಒಂದು ಮಾತಿನಲ್ಲಿ ಬಣ್ಣ ಹಚ್ಚುವುದಕ್ಕೆ ಏನೂ ಇಲ್ಲ.

ಆದರೆ ಆ ಬೆಳಗ್ಗೆ ಇನ್ನೊಂದು ಸಂಗತಿ ನಡೆದಿತ್ತು. ಗುಬ್ಬಿ ತಡವಾಗಿ ಬಂದಿದ್ದಳು. ಪ್ರಾರ್ಥನೆ ಮುಗಿದು, ಆಮೆನ್ ಬಿದ್ದು, ಹಬೆ ಹೊರಟ ಮೇಲೆ ಸೆರಗು ಸಿಕ್ಕಿಸಿಕೊಳ್ಳುತ್ತ ಒಳಗೆ ನುಗ್ಗಿದ್ದಳು. ಅಷ್ಟು ಸಾಕಾಯಿತು. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತರುವ ಮೊದಲೇ ಬೀದಿಗೆಲ್ಲ ಗೊತ್ತಾಗಿತ್ತು, ಪ್ರಾರ್ಥನೆ ತಪ್ಪಿಸಿಕೊಂಡಳಂತೆ, ಅದಕ್ಕೇ ಅಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಎಲ್ಲಿಲ್ಲ?

ಗುಬ್ಬಿಯನ್ನು ನೋಡಲು ಯಜಮಾನರು ಮನೆಗೆ ಬಂದರು. ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ಮಂಚದ ಕಾಲ ಬಳಿ ನಿಂತರು. ಅಕ್ಕ ಕುರ್ಚಿ ಎಳೆದುಕೊಟ್ಟಳು. ಕೂರಲಿಲ್ಲ. "ಎರಡು ಮಾತು ಪ್ರಾರ್ಥಿಸಿ ಹೋಗ್ತೀನಮ್ಮಾ" ಅಂದರು. ಎಲ್ಲರೂ ತಲೆ ತಗ್ಗಿಸಿದರು. ಎರಡು ಮಾತು ಗೋಡೆಯ ಗಡಿಯಾರವೇ ಆಕಳಿಸುವಷ್ಟು ಉದ್ದವಾಯಿತು.

"ಕೃಪೆಯುಳ್ಳ ತಂದೆಯೇ, ಪ್ರೀತಿಯುಳ್ಳ ಕರ್ತನೇ, ಅಲ್ಪರೂ ಅಯೋಗ್ಯರೂ ಆದ ನಾವು ನಿನ್ನ ಪಾದಸನ್ನಿಧಿಗೆ ಬರುತ್ತೇವೆ. ನಿನ್ನ ಈ ಮಗಳ ಪ್ರಾಣ ಉಳಿಸಿದ್ದಕ್ಕಾಗಿ ಸ್ತೋತ್ರ. ಆ ಬೆಳಗ್ಗೆ ಅವಳು ನಿನ್ನ ಸನ್ನಿಧಿಯನ್ನು ಅಲಕ್ಷ್ಯ ಮಾಡಿದಳು, ಕರ್ತನೇ, ಕೆಲಸದಲ್ಲೂ ಅಜಾಗರೂಕಳಾದಳು. ಅವಳನ್ನು ಮನ್ನಿಸು. ಎಲ್ಲವೂ ನಿನ್ನ ಚಿತ್ತದಂತೆಯೇ ಆಯಿತು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ..."

"ಆಮೆನ್!" ಅಂದಳು ಅಕ್ಕ.

ಅಂದದ್ದು ಅವಳಲ್ಲ, ಅವಳ ಬಾಯಿ. ಅಷ್ಟು ವರ್ಷ ಆ ಕೊನೆಯ ಮಾತು ಕಿವಿಗೆ ಬಿದ್ದ ಕೂಡಲೇ ತೆರೆದುಕೊಂಡು ಪಳಗಿದ ಬಾಯಿ. ನಡುವೆ ಏನೇನು ಹೇಳಿದರು ಎಂದು ಅದು ಯಾವತ್ತೂ ವಿಚಾರಿಸಿಕೊಂಡಿರಲಿಲ್ಲ.

ಯಜಮಾನರು ಟೊಪ್ಪಿಗೆ ಹಾಕಿಕೊಂಡು ಹೋದರು. ಗುಬ್ಬಿ ಬಹಳ ಹೊತ್ತು ಬ್ಯಾಂಡೇಜಿನ ಮೂಟೆಯನ್ನೇ ನೋಡುತ್ತಿದ್ದಳು.

"ಅಕ್ಕ, ಹೌದಲ್ವಾ ಹಾಗಾದ್ರೆ?"

"ಏನು ಹೌದು?"

"ನನ್ನದೇ ತಪ್ಪು ಅಂತ."

"ಯಾರೇ ಅಂದಿದ್ದು ಹಾಗಂತ?"

"ನೀನೇ ಆಮೆನ್ ಅಂದ್ಯಲ್ಲ."

ಅಕ್ಕನಿಗೆ ಬೆಂಕಿ ಕಾಲಿನಿಂದ ಹತ್ತಿತು. ಒಲೆಯ ಮೇಲಿದ್ದ ನೀರು ಆ ಬಿಸಿಗೆ ತಾನೇ ಕುದಿಯಿತು, ಕೆಳಗೆ ಉರಿ ಹಚ್ಚಿರಲೇ ಇಲ್ಲ. ಪಾತ್ರೆಗಳನ್ನು ತೊಳೆಯುತ್ತೇನೆಂದು ಹೋಗಿ ಒಂದೊಂದನ್ನೂ ಕುಕ್ಕಿದಳು. ಬೈಯುವುದಕ್ಕೆ ಯಜಮಾನರು ಎದುರಿಗಿರಲಿಲ್ಲ, ತಂಗಿಯನ್ನು ಬೈಯುವಂತಿರಲಿಲ್ಲ. ಬಾಯ್ಲರಿನವನು ಇದ್ದ.

"ಏನ್ರೀ ನೋಡ್ತಾ ಇದ್ದೀರಿ ಬಿಟ್ಟ ಕಣ್ಣು ಬಿಟ್ಕೊಂಡು? ನಾನು ಆಮೆನ್ ಅಂದಾಗ ನನ್ನ ಬಾಯಿಗೆ ಒಂದು ಬಟ್ಟೆ ತುರುಕಬಾರದಿತ್ತಾ?"

"ನನಗೇನೇ ಗೊತ್ತು ಅವರು ಹಾಗನ್ತಾರೆ ಅಂತ?"

"ಪಟ್ಟಿ ಕಟ್ಟಿದ್ದು ನಿಮಗೂ ಗೊತ್ತು."

"ಗೊತ್ತು. ಇರು, ನಾಳೆ ಅವರ ಮುಖದ ಮೇಲೇ ಕೇಳ್ತೀನಿ. ನನ್ನ ಒಂದು ಗುಡುಗಿಗೆ ಯಜಮಾನರು ಆ ಟೊಪ್ಪಿಗೆಯೊಳಗೇ ಬಚ್ಚಿಟ್ಕೋಬೇಕು, ಹಾಗೆ."

"ಕೇಳ್ದಂಗೇ ಆಯ್ತು ಬಿಡಿ."

ಮರುದಿನ ಅವನು ಕೇಳಲಿಲ್ಲ. ಬಾಯ್ಲರಿನ ಒತ್ತಡದ ಮುಳ್ಳು ಸರಿಯಿಲ್ಲವೆಂದು ದಿನವಿಡೀ ಅದರ ಹಿಂದೆಯೇ ಇದ್ದ. ಮುಳ್ಳು ಅಂದಿನಷ್ಟು ನೆಟ್ಟಗೆ ಎಂದೂ ನಿಂತಿರಲಿಲ್ಲ.

ಅಕ್ಕ ಅಂದು ಮಡಚುವ ಅಜ್ಜಿಯ ಜೊತೆ ನಿಂತಳು. ಆ ಅಜ್ಜಿ ಲಾಂಡ್ರಿಯ ಗೋಡೆಗಳಿಗಿಂತ ಹಳಬಳು, ಅವಳು ಮೊದಲು ಬಂದು ನಿಂತ ಮೇಲೆಯೇ ಸುತ್ತ ಗೋಡೆ ಕಟ್ಟಿದರೆಂದು ಹೇಳುತ್ತಾರೆ. ದೊಡ್ಡ ಶೀಟನ್ನು ಇಬ್ಬರು ಎರಡೆರಡು ಮೂಲೆ ಹಿಡಿದು ದೂರ ಸರಿಯಬೇಕು, ಜಾಡಿಸಬೇಕು, ಹತ್ತಿರ ಬಂದು ಮೂಲೆ ಸೇರಿಸಬೇಕು. ಹತ್ತಿರ ಬಂದಾಗಷ್ಟೇ ಮಾತು.

"ಅಜ್ಜಿ, ಅಂದ ಆಮೆನ್ ವಾಪಸ್ ತಗೋಬಹುದಾ?"

ದೂರ ಸರಿದರು. ಜಾಡಿಸಿದರು. ಹತ್ತಿರ ಬಂದರು.

"ಹಾಲು ಕರೆದ ಮೇಲೆ ಕೆಚ್ಚಲಿಗೆ ವಾಪಸ್ ಹೋಗುತ್ತೇನೇ?"

ದೂರ. ಹತ್ತಿರ.

"ಮತ್ತೆ ಏನು ಮಾಡ್ಲಿ ಹೇಳು?"

"ಅದರ ಮೇಲೆ ಇನ್ನೊಂದು ಪ್ರಾರ್ಥನೆ ಹಾಕ್ಬೇಕು. ಅದಕ್ಕಿಂತ ತೂಕದ್ದು. ಅದಕ್ಕೂ ಯಾರಾದ್ರೂ ಆಮೆನ್ ಅನ್ಬೇಕು. ನೀನೇ ಅಂದ್ಕೊಂಡ್ರೆ ನಡೆಯಲ್ಲ."

"ನೀನು ಅಂತೀಯಾ?"

ಅಜ್ಜಿ ಶೀಟನ್ನು ಅವಳ ಕೈಯಿಂದ ಕಿತ್ತುಕೊಂಡು ಮೇಜಿನ ಮೇಲೆ ತಟ್ಟಿದಳು. "ನನಗೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡ್ತಾರೆ ಮಗಳೇ" ಅಂದಳು, ಮುಖ ನೋಡದೆ.

ಸಂಜೆ ಕೆಲಸ ಬಿಡುವ ಹೊತ್ತಿಗೆ ಯಜಮಾನರು ರೋಲರ್ ಬಳಿ ಬಂದರು. "ನಾಳೆ ಕಾರ್ಖಾನೆ ಇನ್ಸ್‌ಪೆಕ್ಟರ್ ಬರ್ತಾರೆ. ಆ ಬಟ್ಟೆ ಬಿಚ್ಚಿಬಿಡಮ್ಮಾ. ಪಟ್ಟಿ ಮೊದಲಿನ ಹಾಗಿರಲಿ." ಹೊರಟವರು ತಿರುಗಿ, "ನಿನ್ನ ತಂಗೀನೂ ಕರ್ಕೊಂಡು ಬಾ. ಕಾರು ಕಳಿಸ್ತೀನಿ. ಎಲ್ಲರೂ ಸೇರಿ ಅವಳಿಗೋಸ್ಕರ ಪ್ರಾರ್ಥನೆ ಮಾಡೋಣ" ಅಂದರು.

ಅಕ್ಕನಿಗೆ ಅರ್ಥವಾಯಿತು. ಪಟ್ಟಿ ಸರಿಯಾಗಿ ತೂಗುತ್ತಿರುತ್ತದೆ. ಇನ್ಸ್‌ಪೆಕ್ಟರ್ ಕಣ್ಣೆದುರಿಗೇ ಯಜಮಾನರು ದೇವರಿಗೆ ಹೇಳುತ್ತಾರೆ, ಹುಡುಗಿ ಅಜಾಗರೂಕಳಾದಳು ಎಂದು. ಜನ ಆಮೆನ್ ಅನ್ನುತ್ತಾರೆ. ಕೈ ಕಳೆದುಕೊಂಡ ಹುಡುಗಿಯೂ ಅನ್ನುತ್ತಾಳೆ, ಅಕ್ಕನೂ ಅನ್ನುತ್ತಾಳೆ. ಆಮೇಲೆ ಕೇಳುವುದಕ್ಕೆ ಏನು ಉಳಿಯಿತು? ಗುಬ್ಬಿ ಬದುಕಿರುವಷ್ಟು ಕಾಲ ತಪ್ಪು ತನ್ನದೇ ಎಂದುಕೊಂಡು, ಮೊಂಡುಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಾಳೆ. ಇನ್ಸ್‌ಪೆಕ್ಟರ್ ಜೀಪು ಹತ್ತಿದ ಮೇಲೆ ಪಟ್ಟಿಗೆ ಮತ್ತೆ ಬಟ್ಟೆ ಬೀಳುತ್ತದೆ.

ಅವಳು ಕಟ್ಟು ಬಿಚ್ಚಿದಳು. ಗಂಟುಗಳು ಹಬೆಗೆ ಬೆಂದು ಕಲ್ಲಾಗಿದ್ದವು, ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು. ಕಟ್ಟಿದ್ದ ಜಾಗದಲ್ಲಿ ಪಟ್ಟಿಯ ಹಸಿರು ಬಣ್ಣ ತಿಕ್ಕಿ ತಿಕ್ಕಿ ಅಳಿದು, ಒಳಗಿನ ಕಬ್ಬಿಣ ಹೊಳೆಯುತ್ತಿತ್ತು.

ಬೆಳಗ್ಗೆ ಬಾಯ್ಲರಿನವನೂ ಸೇರಿ ಎಲ್ಲರೂ ರೋಲರ್ ಸುತ್ತ ನಿಂತರು. ಗುಬ್ಬಿಗೆ ಮಾತ್ರ ಕುರ್ಚಿ. ಯಜಮಾನರು ಅಂದು ಇಸ್ತ್ರಿ ಮಾಡಿದ ನಗೆ ಹೊತ್ತು ಬಂದಿದ್ದರು.

"ನಮ್ಮಲ್ಲಿ ಪ್ರಾರ್ಥನೆ ಇಲ್ಲದೆ ಒಂದು ಶೀಟೂ ಒಣಗಲ್ಲ ಸಾರ್" ಅಂದರು ಇನ್ಸ್‌ಪೆಕ್ಟರಿಗೆ. "ಒಂದೇ ನಿಮಿಷ. ನೀವೂ ನಿಂತ್ಕೊಳ್ಳಿ."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಚೀಲವನ್ನು ಕಾಲ ಬಳಿ ಇಟ್ಟು ನಿಂತ. ಕಣ್ಣುಗಳು ಮುಚ್ಚಿದವು. ಪ್ರಾರ್ಥನೆ ಶುರುವಾಯಿತು. ಆ ಬೆಳಗಿನ ಸ್ತೋತ್ರದ ಇಂಪಿಗೆ ಕಿಟಕಿಯ ಮೇಲಿದ್ದ ಪಾರಿವಾಳಗಳು ಮೂರ್ಛೆ ಹೋದವು. ಅರಿಕೆಯ ಸರದಿ ಬಂದಾಗ ಯಜಮಾನರ ದನಿ ಬೆಣ್ಣೆಯಾಯಿತು. "ಈ ಮಗಳು ನಿನ್ನ ಸನ್ನಿಧಿ ತಪ್ಪಿಸಿಕೊಂಡಳು ಕರ್ತನೇ. ಕಾಯುವ ಪಟ್ಟಿ ಎದುರಿಗೇ ಇದ್ದರೂ ಅಜಾಗರೂಕಳಾದಳು. ಮನ್ನಿಸು. ನಿನ್ನ ಚಿತ್ತದಂತೆಯೇ ಆಯಿತು." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಈ ಸಲ ಮಿಕ್ಕವರ ಕಣ್ಣನ್ನೂ ಮುಚ್ಚಿಸಿ ಕುಡಿಯುತ್ತಿತ್ತು, ಅಷ್ಟೇ.

"ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ..."

ಆಮೆನ್ ಬೀಳಲಿಲ್ಲ.

ಅಕ್ಕ ಹಲ್ಲು ಕಚ್ಚಿ ನಿಂತಿದ್ದಳು. ಬಾಯಿ ತನ್ನಷ್ಟಕ್ಕೆ ತೆರೆದುಕೊಳ್ಳಲು ನೋಡುತ್ತಿತ್ತು, ಅವಳು ಕೈಯಿಂದ ಗದ್ದ ಹಿಡಿದುಕೊಂಡಳು. ಆ ಮೌನದಲ್ಲಿ ಒದ್ದೆ ಶೀಟುಗಳು ತಾವೇ ಒಣಗಿದವು, ಡ್ರಮ್ಮಿನ ಸೋಪು ಗಟ್ಟಿಯಾಯಿತು. ಯಜಮಾನರ ಬಲಹುಬ್ಬು ಒಂದು ಸಲ ಕುಣಿಯಿತು. ಇನ್ಸ್‌ಪೆಕ್ಟರ್ ಇದೇನು ಪದ್ಧತಿಯೋ ಎಂದು ತಲೆಯನ್ನು ಇನ್ನೂ ತಗ್ಗಿಸಿದ. ಬಾಯ್ಲರಿನವನು ಕಲ್ಲುಕಂಬದಂತೆ, ಸಿಂಹದಂತೆ, ಎರಡೂ ಸೇರಿದಂತೆ ನಿಂತಿದ್ದ.

"ಯೇಸುವಿನ ನಾಮದಲ್ಲಿ," ಎಂದು ಯಜಮಾನರು ಮತ್ತೆ, ಕೊಂಚ ಗಟ್ಟಿಯಾಗಿ ಅಂದು, "ಬೇಡಿಕೊಳ್ಳುತ್ತೇವೆ ತಂದೆಯೇ" ಎಂದು ಕೆಮ್ಮಿದರು.

"ಪರಲೋಕದಲ್ಲಿರುವ ತಂದೆಯೇ," ಅಂದಳು ಅಕ್ಕ.

ಒಬ್ಬರು ಪ್ರಾರ್ಥಿಸುವಾಗ ನಡುವೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಹಾಕಿದರೆ ದೇವರ ಕಿವಿಗೆ ಕೈ ಅಡ್ಡ ಇಟ್ಟ ಹಾಗೆ. ಸಭೆಗೆ ಈ ನಿಯಮ ಕಲಿಸಿದವರು ಯಜಮಾನರೇ. ಅವರು ತೆರೆದ ಬಾಯಿಯನ್ನು ಮುಚ್ಚಿದರು.

"ಅಲ್ಪರೂ ಅಯೋಗ್ಯರೂ ಆದ ನಾವು ನಿನ್ನ ಪಾದಸನ್ನಿಧಿಗೆ ಬರುತ್ತೇವೆ. ಮೊದಲು ಸ್ತೋತ್ರ. ಈ ಗಾರ್ಡ್ ಪಟ್ಟಿಗೋಸ್ಕರ ಸ್ತೋತ್ರ ತಂದೆಯೇ. ನಮ್ಮ ಮುಖ ಕಾಣದ ಯಾರೋ ಒಬ್ಬ ಎಲ್ಲೋ ಕೂತು, ಇಲ್ಲಿಗೆ ಒಬ್ಬಳ ಕೈ ಬರುತ್ತೆ, ಅದು ಉಳೀಬೇಕು ಅಂತ ಯೋಚನೆ ಮಾಡಿ ಇದನ್ನ ಇಟ್ಟನಲ್ಲ, ಆ ಬುದ್ಧಿ ಕೊಟ್ಟಿದ್ದು ನೀನೇ. ಅದಕ್ಕೆ ಸ್ತೋತ್ರ. ಈಗ ಅರಿಕೆ. ಆ ಪಟ್ಟಿ ಕಟ್ಟಿದ್ದು ನಾನು. ಹರಿದ ಶೀಟಲ್ಲಿ, ಎರಡೂ ಕಡೆ. ಕಟ್ಟು ಅಂದಿದ್ದು ನಿನ್ನ ಈ ಮಗ. ಶೀಟಿಗೆ ಕಲೆ ಬೀಳುತ್ತೆ ಅಂದ. ನಿನ್ನೆ ಸಂಜೆ ಬಿಚ್ಚು ಅಂದ. ಬಿಚ್ಚಿದ್ದೂ ನಾನೇ."

ಯಜಮಾನರನ್ನು ಅಲ್ಲಿ ಯಾರೂ ಎಂದೂ ಏಕವಚನದಲ್ಲಿ ಕರೆದಿರಲಿಲ್ಲ, ಅವರ ತಾಯಿಯೂ ತೊಟ್ಟಿಲಿಗೆ 'ಮಲಗಿ' ಎಂದೇ ಹಾಡಿದ್ದಳೆಂದು ಸುದ್ದಿ. ಆದರೆ ದೇವರ ಮುಂದೆ ಯಾರಿಗೆ ಬಹುವಚನ? ಪ್ರಾರ್ಥನೆಯಲ್ಲಿ ಎಲ್ಲರೂ ಮಗನೇ, ಮಗಳೇ. ಅದನ್ನು ತಪ್ಪೆನ್ನುವ ಹಾಗೂ ಇರಲಿಲ್ಲ.

"ಇದು ನಿನ್ನ ಚಿತ್ತ ಅಂತ ಇವನು ನಿನ್ನ ಮೇಲೇ ಹಾಕ್ತಿದ್ದಾನೆ" ಎಂದು ಅಕ್ಕನ ದನಿ ಏರಿತು. "ನಿನ್ನ ಚಿತ್ತಕ್ಕೆ ಗಂಟು ಹಾಕೋಕೆ ಬರುತ್ತಾ ತಂದೆಯೇ? ಗಂಟು ಹಾಕೋಕೆ ಬೆರಳು ಬೇಕು. ಬೆರಳು ನನ್ನವು. ನನ್ನ ಬೆರಳು ಹತ್ತೂ ನೆಟ್ಟಗಿವೆ, ಇವಳದು ಹೋಯ್ತು. ಪ್ರಾರ್ಥನೆಗೆ ಬರಲಿಲ್ಲ ಅಂತ ನೀನು ಕೈ ಕಿತ್ಕೊಳ್ಳೋನಾಗಿದ್ರೆ ನಾನು ಇಷ್ಟು ವರ್ಷ ಯಾರಿಗೆ ಆಮೆನ್ ಅಂದೆ? ಹೇಳು! ಮೊನ್ನೆ ಈ ಮಗುವಿನ ಮಂಚದ ಹತ್ರ ಸುಳ್ಳಿಗೆ ಒಂದು ಆಮೆನ್ ಅಂದೆ. ಅದು ವಾಪಸ್ ಬರಲ್ವಂತೆ. ಬೇಡ, ನೀನೇ ಇಟ್ಕೋ. ಅದರ ಮೇಲೆ ಇದನ್ನ ಇಡು. ಇನ್ನು ಬೇಡಿಕೆ. ನನ್ನ ತಂಗಿಗೆ ತಪ್ಪು ತನ್ನದಲ್ಲ ಅಂತ ಗೊತ್ತಾಗಲಿ. ಆ ಪಟ್ಟಿ ಕಟ್ಟೋಕೆ ಇನ್ನೊಂದು ಸಲ ಬಂದವರ ಕೈಯಲ್ಲಿ ಗಂಟು ನಿಲ್ಲದೇ ಹೋಗಲಿ. ಇಷ್ಟೇ. ಯೇಸುವಿನ ನಾಮದಲ್ಲಿ ಬೇಡಿಕೊಳ್ತೀನಿ ತಂದೆಯೇ."

ಅಲ್ಲಿಗೆ ನಿಲ್ಲಿಸಿದಳು. ಆಮೆನ್ ಅವಳು ಹೇಳುವಂತಿರಲಿಲ್ಲ. ಅದು ಜನರದ್ದು.

ಆಗ, ಓದುಗರೇ, ಬಾಯ್ಲರಿನವನು ಎದೆಯುಬ್ಬಿಸಿ "ಆಮೆನ್!" ಎಂದು ಗರ್ಜಿಸಿದ. ಆ ಗರ್ಜನೆಗೆ ತಗಡಿನ ಮಾಡು ಹಾರಿ ಹೊಳೆಯಾಚೆ ಬಿತ್ತು. ಜನರೆಲ್ಲ ಅವನ ಹಿಂದೆ ಒಂದೇ ಕೊರಳಾಗಿ ಆಮೆನ್ ಎಂದು ಕೂಗಿದರು. ಯಜಮಾನರು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬೆಟ್ಟದ ಕಡೆ ಓಡಿದವರು ಇನ್ನೂ ಓಡುತ್ತಲೇ ಇದ್ದಾರೆ. ಇನ್ಸ್‌ಪೆಕ್ಟರ್ ಬಾಯ್ಲರಿನವನ ಕಾಲಿಗೆ ಬಿದ್ದು...

ಇಲ್ಲಿಯವರೆಗೆ ಬರೆದದ್ದು ಆಮೆನ್ ಅಕ್ಕನ ಕೈಗೆ ಸಿಕ್ಕಿತು. ನಿಂತೇ ಓದಿದಳು. ಓದುತ್ತ ಓದುತ್ತ ಮೂಗಿನ ಹೊಳ್ಳೆ ಅರಳಿತು.

"ರೀ, ಬನ್ನಿ ಇಲ್ಲಿ. ಎಲ್ರೂ ಕಣ್ಣು ಮುಚ್ಚಿದ್ರು ಅಂತ ನೀವೇ ಬರ್ದಿದ್ದೀರಿ. ಮತ್ತೆ ಯಜಮಾನರ ಹುಬ್ಬು ಕುಣಿದಿದ್ದು ಯಾರು ನೋಡಿದ್ದು?"

"ಅದು... ಒಂದು ಊಹೆ ಕಣೆ."

"ಬಲಹುಬ್ಬು ಅಂತ ಊಹೇನಾ? ನಾನು ಗದ್ದ ಹಿಡ್ಕೊಂಡಿದ್ದೂ ಊಹೇನಾ? ಪ್ರಾರ್ಥನೇಲಿ ಕಣ್ಣು ಬಿಟ್ಕೊಂಡು ನಿಂತಿದ್ರಲ್ಲ! ಕಣ್ಣು ಬಿಟ್ಟು ನೋಡ್ತಾ ಇದ್ರೂ ಬಾಯಿ ಬಿಡಲಿಲ್ಲ. ಅಲ್ಲ, ಸಿಂಹವಂತೆ! ಮಾಡು ಹಾರಿಸಿದ್ರಂತೆ! ನನ್ನ ತಂಗಿ ಅಂದ ಆಮೆನ್ ಕದ್ದು ನಿಮ್ಮ ಬಾಯಿಗೆ ಹಾಕ್ಕೊಂಡಿದ್ದೀರಲ್ಲ, ನಾಚಿಕೆ ಆಗಲ್ವಾ? ಅವರು ತಪ್ಪನ್ನ ಅವಳ ತಲೆಗೆ ಹಾಕಿದ್ರು, ನೀವು ಅವಳ ಆಮೆನ್ ಕಿತ್ಕೊಂಡ್ರಿ. ಇಬ್ಬರಿಗೂ ಏನು ವ್ಯತ್ಯಾಸ? ಕೂತ್ಕೊಂಡು ನಿಜ ಬರೀರಿ. ನಾನು ಇಲ್ಲೇ ನಿಂತಿರ್ತೀನಿ."

ಇನ್ನು 'ಅವನು' ಎಂದು ಬರೆದು ಪ್ರಯೋಜನವಿಲ್ಲ. ಬಾಯ್ಲರಿನವನು ನಾನೇ. ಎತ್ತರ ಸಾಧಾರಣ, ಮೀಸೆ ತೆಳ್ಳಗೆ.

ನಡೆದದ್ದು ಹೀಗೆ. ಅವಳು ನಿಲ್ಲಿಸಿದ ಮೇಲೆ ಯಾರೂ ಆಮೆನ್ ಅನ್ನಲಿಲ್ಲ. ಅಜ್ಜಿಯ ತುಟಿ ಅಲುಗಿತು, ದನಿ ಬರಲಿಲ್ಲ. ನಾನು ಕೆಲಸ ಹೋದರೆ ಮನೆಯ ಗತಿಯೇನು ಎಂದು ಲೆಕ್ಕ ಹಾಕುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ, ಮುಖವೆಲ್ಲ ಕೆಂಪಾಗಿ, ಒಬ್ಬಳೇ ಕಾಯುತ್ತಿದ್ದಳು. ಆಗ ಕುರ್ಚಿಯಿಂದ ಗುಬ್ಬಿ "ಆಮೆನ್" ಅಂದಳು. ದೊಡ್ಡದಾಗಿ ಅಲ್ಲ. ಯಾರೋ ಎಬ್ಬಿಸಿದಾಗ 'ಹೂಂ' ಅನ್ನುತ್ತಾರಲ್ಲ, ಹಾಗೆ. ಅದು ಬಿದ್ದ ಮೇಲೆ ಅಜ್ಜಿ ಅಂದಳು, ಆಮೇಲೆ ಡ್ರಮ್ಮಿನವರು. ಕೊನೆಯದು ನನ್ನದು, ಅದೂ ಕೆಮ್ಮಿನೊಳಗೆ ಸುತ್ತಿಟ್ಟು.

ಯಜಮಾನರು ಓಡಲಿಲ್ಲ. "ಪ್ರಾರ್ಥನೆಯಲ್ಲಿ ಅಂದದ್ದು ಸಾಕ್ಷಿ ಆಗಲ್ಲ ಸಾರ್" ಅಂದರು.

"ಹಾಗಾದ್ರೆ ನೀವು ಅಂದದ್ದೂ ಆಗಲ್ಲ" ಅಂದ ಇನ್ಸ್‌ಪೆಕ್ಟರ್. ರೋಲರ್ ಬಳಿ ಹೋಗಿ, ಬಣ್ಣ ಅಳಿದ ಕಡೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಅಕ್ಕನ ಕಡೆ ತಿರುಗಿ, "ಈಗ ಕಣ್ಣು ಬಿಟ್ಟು ಹೇಳಮ್ಮಾ" ಅಂದ. ಅವಳು ಮತ್ತೊಮ್ಮೆ ಪೂರ್ತಿ ಹೇಳಿದಳು. ಈ ಸಲ ಯಜಮಾನರಿಗೆ ಬಹುವಚನ ಹಚ್ಚಿ. ಅದು ಏಕವಚನಕ್ಕಿಂತ ಬಿಸಿಯಾಗಿತ್ತು.

ತಪ್ಪು ಗುಬ್ಬಿಯದಲ್ಲವೆಂದು ಇನ್ಸ್‌ಪೆಕ್ಟರ್ ತೀರ್ಮಾನ ಮಾಡಿದ. ಅವಳ ಕೈ ವಾಪಸ್ ಬರಲಿಲ್ಲ. ಅವಳೀಗ ಬಟ್ಟೆ ಒಪ್ಪಿಸಿಕೊಳ್ಳುವ ಕಟ್ಟೆಯಲ್ಲಿ ಕೂರುತ್ತಾಳೆ, ಮೊಂಡುಗೈಯನ್ನು ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೇ ಇಡುತ್ತಾಳೆ. ಯಜಮಾನರ ಪ್ರಾರ್ಥನೆ ಗಿಡ್ಡವಾಗಿದೆ. ಈಗ ಹಬೆ ಬಿಟ್ಟು ಉರುಳೆ ತಿರುಗಿಸಿದ ಮೇಲೆಯೇ ಪ್ರಾರ್ಥನೆ, ಕ್ರಮ ಬದಲಾಗಿದೆ. ಅವರು ಮುಗಿಸಿ ನಿಂತಾಗ ಅಕ್ಕ ಕಣ್ಣು ತೆರೆದು, ಮುಂಗೈಯಿಂದ ಪಟ್ಟಿಗೆ ಒಂದು ಬಡಿಯುತ್ತಾಳೆ. ಉರುಳೆ ಟಕ್ಕೆಂದು ನಿಂತರೆ ಆಮೆನ್. ನಿಲ್ಲದಿದ್ದರೆ ಇಲ್ಲ. ಅವಳ ಸಿಟ್ಟು ಇನ್ನೂ ಇಳಿದಿಲ್ಲ, ಯಜಮಾನರ ಮೇಲೂ, ತನ್ನ ಮೇಲೂ, ನನ್ನ ಮೇಲೂ.

ಅವಳು ಇನ್ನೂ ಇಲ್ಲೇ ನಿಂತಿದ್ದಾಳೆ, ಹೊಳೆಯ ಮಾತನ್ನೂ ಬರೆಯಿರಿ ಅನ್ನುತ್ತಿದ್ದಾಳೆ. ಬರೆದೆ: ಹೊಳೆ ಯಾವತ್ತೂ ಹಿಂದಕ್ಕೆ ಹರಿದಿಲ್ಲ. ಹಬೆ ಆಮೆನ್‌ಗೆ ಕಾಯುತ್ತಿದ್ದ ದಿನಗಳಲ್ಲೂ ಅವಳ ಆಮೆನ್ ಗೋಡೆಯಾಚೆಯ ಬಾಯ್ಲರಿನ ತನಕ ಕೇಳಿಸುತ್ತಿರಲಿಲ್ಲ. ಅದು ಬಿತ್ತೆಂದು ನನಗೆ ತಿಳಿಸಲು ಮಡಚುವ ಅಜ್ಜಿ ಬಂದು ಹಬೆಯ ಕೊಳವೆಗೆ ಕೋಲಿನಿಂದ ಬಡಿಯಬೇಕಿತ್ತು.